ಸೆಲ್ಫ್ ನರಳುವ ಕಾರು



ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದರ ಮಾಲೀಕರು ಮೊದಲು ಬೈಯುವುದು ಬ್ಯಾಟರಿಯನ್ನು. ಬೈದಾದ ಮೇಲೆ ಹೊಸ ಬ್ಯಾಟರಿ ತರುತ್ತಾರೆ. ನಾಲ್ಕು ದಿನ ಗಾಡಿ ಚೆನ್ನಾಗಿ ಹತ್ತುತ್ತದೆ. ಆಮೇಲೆ ಮತ್ತೆ ಅದೇ ನರಳಾಟ. ಆಗ ಎಂಜಿನ್ನನ್ನು ತಿರುಗಿಸಿ ಹತ್ತಿಸುವ ಸೆಲ್ಫ್ ಮೋಟಾರ್ ಬಿಚ್ಚಿಸಿ ರಿವೈಂಡಿಂಗ್‌ಗೆ ಕೊಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ಕಾಯಿಲ್, ಪ್ಲಗ್, ಕಟೌಟ್ ಒಂದೊಂದಾಗಿ ಹೊಸದಾಗುತ್ತವೆ. ಕೊನೆಗೆ ಯಾರೋ ಹತ್ತಿರದ ಗ್ಯಾರೇಜಿನ ಹುಡುಗ ಬಂದು, ಬಾನೆಟ್ ಎತ್ತಿ, ತುಕ್ಕು ಹಿಡಿದ ಒಂದು ಬೋಲ್ಟು ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಬಿಗಿ ಮಾಡುತ್ತಾನೆ. ಕಾರು ಒಂದೇ ಏಟಿಗೆ ಹತ್ತುತ್ತದೆ. ಖರ್ಚಾದ ಸಾವಿರಾರು ರೂಪಾಯಿಗಳಲ್ಲಿ ಆ ಬೋಲ್ಟಿನ ಪಾಲು ಏನೂ ಇಲ್ಲ.

ಇದು ಹಳೆಯ ಕಾರು ಸಾಕಿದವರ ಮನೆಗಳಲ್ಲೆಲ್ಲ ನಡೆಯುವ ಕಥೆ. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೆ: ಇಂಥ ಗಾಡಿಗಳಲ್ಲಿ ದುಬಾರಿ ಭಾಗಗಳು ಕೆಡುವುದಕ್ಕಿಂತ, ಆ ಭಾಗಗಳನ್ನು ಜೋಡಿಸುವ ಕಡೆಗಳು ಕೆಡುವುದೇ ಹೆಚ್ಚು. ಅದರಲ್ಲೂ ಅರ್ಥಿಂಗ್, ಅಂದರೆ ಕರೆಂಟು ವಾಪಸ್ ಬರುವ ದಾರಿ.

ಮಾತಿಗೆ ಒಂದು ಕಾರು ಕಣ್ಣ ಮುಂದಿರಲಿ. ಅಂಬಾಸಡರನ್ನೇ ಇಟ್ಟುಕೊಳ್ಳೋಣ. ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಅದರ ಡೈನಮೋ, ಸೆಲ್ಫ್, ವೈರಿಂಗ್ ಎಲ್ಲವೂ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಕಂಪನಿಯ ಪದ್ಧತಿಯವು. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಶುರುವಾದ ಮೇಲೆ ಈ ಸಾಮಾನುಗಳು ನಮ್ಮಲ್ಲೇ ತಯಾರಾಗತೊಡಗಿದವು. ಪ್ಲಗ್ಗುಗಳಂತೂ ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರಿನಲ್ಲೇ ಮನೆಮಾತಾಗಿದ್ದವು. ಫಿಯಟ್, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರು, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್ ಇಟ್ಟುಕೊಂಡವರಿಗೂ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಬ್ರಿಟಿಷ್ ಕಾರುಗಳ ಪ್ರಿಯರು ಲ್ಯೂಕಾಸ್ ಕಂಪನಿಗೆ ತಮಾಷೆಯಾಗಿ ಕತ್ತಲೆಯ ರಾಜಕುಮಾರ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಲೈಟು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ ಎಂಬ ಗೇಲಿ. ನನಗೆ ಈ ಗೇಲಿ ಅನ್ಯಾಯ ಅನ್ನಿಸುತ್ತದೆ. ಐವತ್ತು ವರ್ಷ ಮಳೆ, ಧೂಳು, ಹತ್ತಾರು ಮೆಕ್ಯಾನಿಕ್ಕುಗಳ ಕೈಚಳಕ ಎಲ್ಲವನ್ನೂ ತಿಂದ ವೈರು ಯಾವ ಕಂಪನಿಯದಾದರೂ ತಕರಾರು ಮಾಡದೆ ಇದ್ದೀತೆ?

ಬಾನುಲಿಯಲ್ಲಿ ಕಾರು ತೋರಿಸಲಾರೆ, ಆದರೆ ಕಾರಿನ ರೋಗ ಪತ್ತೆಯಾಗುವುದೂ ಮೊದಲು ಕಿವಿಗೇ. ಸೆಲ್ಫ್ ಹೊಡೆದಾಗ ಏನು ಕೇಳಿಸುತ್ತದೆ ಎಂದು ಗಮನಿಸಿ. "ಉರ್ರ್... ಉರ್ರ್... ಉರ್..." ಎಂದು ಎಂಜಿನ್ ಭಾರವಾಗಿ, ಬೇಸರದಿಂದ ತಿರುಗಿದರೆ ಮೋಟಾರಿಗೆ ಕರೆಂಟು ಸಾಲುತ್ತಿಲ್ಲ, ಇಲ್ಲವೇ ಮೋಟಾರನ್ನು ಯಾವುದೋ ಹಿಡಿದು ನಿಲ್ಲಿಸುತ್ತಿದೆ. "ಟಕ್" ಎಂದು ಒಂದೇ ಸದ್ದಾಗಿ ಸುಮ್ಮನಾದರೆ ಸೊಲೆನಾಯ್ಡ್, ಅಂದರೆ ಸೆಲ್ಫಿಗೆ ಕರೆಂಟು ಹಾಯಿಸುವ ಅಯಸ್ಕಾಂತದ ಸ್ವಿಚ್ಚು, ತನ್ನ ಕೆಲಸ ಮಾಡಿದೆ, ಕರೆಂಟು ಅಲ್ಲಿಂದ ಮುಂದೆ ಹೋಗಿಲ್ಲ. "ಟಕಟಕಟಕ" ಎಂದು ಒಂದೇ ಸಮನೆ ಬಡಿದುಕೊಂಡರೆ ಬಹುಮಟ್ಟಿಗೆ ಬ್ಯಾಟರಿ ಕೂತಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ: ಸೊಲೆನಾಯ್ಡ್ ಅಂಟಿಕೊಂಡ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟ ಕೂಡಲೇ ಏರುತ್ತದೆ, ಮತ್ತೆ ಅಂಟುತ್ತದೆ. ಇನ್ನು ಮೋಟಾರ್ "ಸುಂಯ್" ಎಂದು ಹಗುರಾಗಿ ಸುತ್ತಿ ಎಂಜಿನ್ ಮಾತ್ರ ಅಲ್ಲಾಡದಿದ್ದರೆ ಕರೆಂಟಿನ ದೋಷವೇ ಅಲ್ಲ. ಮೋಟಾರನ್ನು ಎಂಜಿನ್ನಿಗೆ ಜೋಡಿಸುವ ಬೆಂಡಿಕ್ಸ್ ಪಿನಿಯನ್ ಕೊಳೆ ಹಿಡಿದು ಮುಂದಕ್ಕೆ ಜಾರುತ್ತಿಲ್ಲ. ಅದಕ್ಕೆ ಗ್ರೀಸ್ ಮೆತ್ತಬೇಡಿ. ಗ್ರೀಸಿಗೆ ಕ್ಲಚ್ಚಿನ ಧೂಳು ಅಂಟಿ ರೋಗ ಇಮ್ಮಡಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು.

ಕಿವಿಯಾದ ಮೇಲೆ ಕಣ್ಣು. ಸಂಜೆ ಹೊತ್ತು ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ. ಗೋಡೆಯ ಮೇಲಿನ ಬೆಳಕನ್ನೇ ನೋಡುತ್ತಿರಿ. ಸ್ವಲ್ಪ ಮಂಕಾದರೆ ಸಹಜ. ಬೆಳಕು ಕೆಂಪಗೆ ಕುಸಿದು ಸೆಲ್ಫ್ ನರಳಿದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಅಥವಾ ಮೋಟಾರ್ ಒಳಗೇ ಎಲ್ಲೋ ಹಿಡಿದುಕೊಂಡು ಮಿತಿಮೀರಿ ಕರೆಂಟು ನುಂಗುತ್ತಿದೆ. ಬೆಳಕು ಪೂರ್ತಿ ಆರಿಹೋದರೆ ಬ್ಯಾಟರಿ ಟರ್ಮಿನಲ್ಲೇ ಸಡಿಲ. ಬೆಳಕು ಚೂರೂ ಮಂಕಾಗದೆ ಉರಿಯುತ್ತಿದ್ದು ಸೆಲ್ಫ್ ಮಾತ್ರ ಅಲ್ಲಾಡದಿದ್ದರೆ ಬ್ಯಾಟರಿಯ ತಪ್ಪೇನೂ ಇಲ್ಲ. ಸ್ವಿಚ್ಚು, ಸೊಲೆನಾಯ್ಡ್, ಸೆಲ್ಫಿಗೆ ಹೋಗುವ ದಪ್ಪ ಕೇಬಲ್, ಎಂಜಿನ್ನಿನ ಅರ್ಥಿಂಗ್ ಅಥವಾ ಸೆಲ್ಫಿನ ಒಳಗಿನ ಕಾರ್ಬನ್ ಬ್ರಷ್, ಇವುಗಳಲ್ಲಿ ಒಂದು ಕೈಕೊಟ್ಟಿದೆ. ಮೀಟರ್ ಇಲ್ಲ, ಖರ್ಚಿಲ್ಲ. ಈ ಒಂದು ಪರೀಕ್ಷೆ ಮಾಡದೆ ಬ್ಯಾಟರಿ ಅಂಗಡಿಗೆ ಹೋಗುವವರನ್ನು ಕಂಡರೆ ನನಗೆ ಅಚ್ಚರಿ.

ಜೋಡಣೆಯ ಜಾಗಗಳು ಯಾಕೆ ಇಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಸೆಲ್ಫ್ ಮೋಟಾರು ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ನೋಡಬೇಕು. ಕಾರುಗಳಿಗೆ ಮೊದಲು ಹ್ಯಾಂಡಲ್ ಹೊಡೆಯಬೇಕಿತ್ತು, ಗೊತ್ತಲ್ಲ. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಎಂಜಿನ್ ತಿರುಗಿಸಬಲ್ಲ ಮೋಟಾರು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡದಾಗುತ್ತದೆ ಎಂಬುದು ಆಗಿನವರ ಅನುಮಾನ. ಕೆಟರಿಂಗ್ ಅದಕ್ಕೆ ಮೊದಲು ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ಮೋಟಾರು ಅಳವಡಿಸಿದ್ದವನು. ಡ್ರಾಯರ್ ತೆರೆಯುವ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಒಂದೊಂದು ಕ್ಷಣ ದುಡಿದರೆ ಸಾಕು ಎಂಬುದು ಅವನಿಗೆ ಅಲ್ಲಿ ಗೊತ್ತಾಗಿತ್ತು. ಕ್ಷಣಕಾಲ ಮಾತ್ರ ದುಡಿಯುವ ಮೋಟಾರಿನ ಮೇಲೆ ಅದರ ಶಕ್ತಿ ಮೀರಿ ಹೊರೆ ಹಾಕಬಹುದು. ಚಿಕ್ಕ ಮೋಟಾರು, ಭಾರೀ ಕರೆಂಟು, ಕೆಲವೇ ಸೆಕೆಂಡು. ಇವತ್ತಿಗೂ ಸೆಲ್ಫಿನ ತತ್ತ್ವ ಅದೇ. ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಡಿ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ ಎಂದು ಹಳಬರು ಹೇಳುವುದು ಇದಕ್ಕೇ.

ಆ ಭಾರೀ ಕರೆಂಟು ಎಷ್ಟು? ಅಂಬಾಸಡರಿನಂಥ ಒಂದೂವರೆ ಲೀಟರ್ ಎಂಜಿನ್ ತಿರುಗಿಸುವಾಗ ಅಂದಾಜು 150 ಆಂಪಿಯರ್. ಸಣ್ಣ ಮನೆಯೊಂದರ ಮೇನ್ ಫ್ಯೂಸಿನಲ್ಲೂ ಇಷ್ಟು ಹರಿಯುವುದಿಲ್ಲ. ಈಗ ಒಂದು ಲೆಕ್ಕ ಹಾಕೋಣ. ಬ್ಯಾಟರಿ ಟರ್ಮಿನಲ್ಲಿನಲ್ಲಿ ಸ್ವಲ್ಪ ಕಿಲುಬು ಹಿಡಿದು ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ಅಡ್ಡಿ ಬಂದಿದೆ ಎನ್ನಿ. ಮಾಮೂಲಿ ಮೀಟರಿನಲ್ಲಿ ಅಳೆದರೆ ಸೊನ್ನೆ ಎಂದೇ ತೋರಿಸೀತು. ಆದರೆ 150 ಆಂಪಿಯರ್ ಹರಿಯುವಾಗ ಅಷ್ಟು ಅಡ್ಡಿಯೇ ಒಂದೂವರೆ ವೋಲ್ಟನ್ನು ನುಂಗುತ್ತದೆ. ಅಲ್ಲಿ ಹುಟ್ಟುವ ಶಾಖ 225 ವ್ಯಾಟ್! ಸೆಲ್ಫ್ ಹೊಡೆದ ಕೂಡಲೇ ಇಳಿದು ಒಂದೊಂದು ಜಾಯಿಂಟಿನ ಹತ್ತಿರ ಕೈ ಹಿಡಿದರೆ ಯಾವುದು ಬಿಸಿಯಾಗಿದೆಯೋ ಅದೇ ಅಪರಾಧಿ. ಒಮ್ಮೆಗೇ ಗಟ್ಟಿಯಾಗಿ ಹಿಡಿಯಬೇಡಿ, ಚುರುಕ್ ಎಂದೀತು.

ಇದರಿಂದ ಇನ್ನೊಂದು ಒಗಟೂ ಬಿಚ್ಚಿಕೊಳ್ಳುತ್ತದೆ. ಸೆಲ್ಫಿನಲ್ಲಿ ಎಷ್ಟು ಹೊಡೆದರೂ ಹತ್ತದ ಗಾಡಿ ನಾಲ್ಕು ಜನ ತಳ್ಳಿದರೆ ಪಟ್ಟನೆ ಹತ್ತುತ್ತದೆ. ಹ್ಯಾಂಡಲ್ ಹೊಡೆದರೂ ಹತ್ತುತ್ತದೆ. ಯಾಕೆ? ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೂ ಅದೇ ಬ್ಯಾಟರಿಯಿಂದಲೇ ಕರೆಂಟು ಬರಬೇಕು. ನರಳುವ ಸೆಲ್ಫ್ ಎಲ್ಲವನ್ನೂ ತಾನೇ ಎಳೆದುಕೊಂಡು ವೋಲ್ಟೇಜನ್ನು ಎಂಟಕ್ಕೋ ಒಂಬತ್ತಕ್ಕೋ ಇಳಿಸಿದರೆ ಕಿಡಿ ಸಪ್ಪೆಯಾಗುತ್ತದೆ. ತಳ್ಳುವಾಗ ಸೆಲ್ಫಿನ ಹಂಗಿಲ್ಲ, ಕಾಯಿಲ್‌ಗೆ ಪೂರಾ ಹನ್ನೆರಡು ವೋಲ್ಟ್ ಸಿಗುತ್ತದೆ. ಹಾಗಾಗಿ ತಳ್ಳಿದರೆ ಹತ್ತುವ ಕಾರಿಗೆ ಕಾಯಿಲ್, ಪ್ಲಗ್ ಬದಲಾಯಿಸುವುದು ದಂಡ. ರೋಗ ಸೆಲ್ಫಿನ ದಾರಿಯಲ್ಲಿದೆ.

ಬ್ಯಾಟರಿಯ ವಿಚಾರ ಬೇಗ ಮುಗಿಸುತ್ತೇನೆ, ಅದು ನಿಮಗೆಲ್ಲ ಗೊತ್ತಿರುವುದೇ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಹತ್ತಕ್ಕಿಂತ ತೀರಾ ಕೆಳಗೆ ಹೋಗಬಾರದು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಆರು ಸೆಲ್ಲುಗಳಲ್ಲಿ ಐದು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಬ್ಯಾಟರಿಗೆ ಎಷ್ಟು ಚಾರ್ಜ್ ಕೊಟ್ಟರೂ ಪ್ರಯೋಜನವಿಲ್ಲ. ಟರ್ಮಿನಲ್ಲಿನ ಮೇಲೆ ಬೆಳೆದ ಹಸಿರು-ಬಿಳಿ ಪುಡಿಗೆ ಬಿಸಿನೀರು, ಅಡುಗೆ ಸೋಡಾ ಸಾಕು. ಒಣಗಿಸಿ, ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವವರಿದ್ದಾರೆ, ಬೇಡ. ಬಿಚ್ಚುವಾಗ ಅರ್ಥಿಂಗ್ ಕೇಬಲ್ ಮೊದಲು, ಹಾಕುವಾಗ ಅದು ಕೊನೆಗೆ. ಕೈಯಲ್ಲಿ ಉಂಗುರ ಇದ್ದರೆ ತೆಗೆದಿಡಿ, ಬಾಯಲ್ಲಿ ಬೀಡಿ ಇದ್ದರೆ ದೂರ ಹೋಗಿ ಸೇದಿ ಬನ್ನಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ.

ಇನ್ನೊಂದು ಎಚ್ಚರಿಕೆ. 1960ರ ದಶಕದ ನಡುಭಾಗದವರೆಗೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಕಾರಿನ ಬಾಡಿಗೆ ಜೋಡಿಸುತ್ತಿದ್ದರು. ಈಗಿನದಕ್ಕೆ ಉಲ್ಟಾ. ಹಳೆಯ ಮಾರಿಸ್ ಮೈನರ್ ತಂದವರು ಬ್ಯಾಟರಿ ಕೂರಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ: ಅರ್ಥಿಂಗ್. ಬ್ಯಾಟರಿಯ ಒಂದು ಕಂಬದಿಂದ ಹೊರಟ ಕರೆಂಟು ದಪ್ಪ ಕೇಬಲ್ಲಿನಲ್ಲಿ ಸೆಲ್ಫಿಗೆ ಹೋಗುತ್ತದೆ. ಇದು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಪರೀಕ್ಷಿಸುತ್ತಾರೆ. ಸೆಲ್ಫಿನಿಂದ ಆ ಕರೆಂಟು ಬ್ಯಾಟರಿಯ ಇನ್ನೊಂದು ಕಂಬಕ್ಕೆ ಮರಳಬೇಕಲ್ಲ? ಅದಕ್ಕೆ ಬೇರೆ ವೈರಿಲ್ಲ. ಎಂಜಿನ್ನಿನ ಕಬ್ಬಿಣ, ಅಲ್ಲಿಂದ ಒಂದು ಹೆಣೆದ ತಾಮ್ರದ ಪಟ್ಟಿ, ಅಲ್ಲಿಂದ ಬಾಡಿಯ ತಗಡು, ಅಲ್ಲಿಂದ ಬ್ಯಾಟರಿಯ ಇನ್ನೊಂದು ಕೇಬಲ್. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ಗೇರ್‌ಬಾಕ್ಸ್ ಕೂಡ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಎಲ್ಲವೂ ಗೇಣುದ್ದದ ಆ ತಾಮ್ರದ ಪಟ್ಟಿಯ ಮೇಲೆ ನಿಂತಿದೆ. ಅದು ಹರಿದರೆ ಕರೆಂಟಿನ ಪಾಡು, ಪೇಟೆಗೆ ಹೋಗಲು ಬಸ್ಸಿದೆ, ಊರಿಗೆ ಮರಳಲು ಬಸ್ಸಿಲ್ಲ ಎನ್ನುವ ಹಾಗೆ.

ಸಾಗರದ ಕಡೆ ಒಬ್ಬ ನಿವೃತ್ತ ಮೇಷ್ಟ್ರ ಕಾರಿಗೆ ಹೀಗೇ ಆಗಿತ್ತು. ಕ್ಲಚ್ ಪ್ಲೇಟ್ ಹಾಕಿಸಲು ಒಂದು ಗ್ಯಾರೇಜಿಗೆ ಬಿಟ್ಟು ತಂದ ದಿನದಿಂದ ಸೆಲ್ಫ್ ನರಳತೊಡಗಿತು. ಬ್ಯಾಟರಿ ಹೊಸದಾಯಿತು, ಸೆಲ್ಫಿಗೆ ಕಾರ್ಬನ್ ಹಾಕಿಸಿದ್ದಾಯಿತು. ಕೊನೆಗೆ ಕರೆಸಿದ ಆಟೋ ಎಲೆಕ್ಟ್ರಿಷಿಯನ್ ಹುಡುಗ ಎಂಜಿನ್ ಕಡೆ ನೋಡಲೇ ಇಲ್ಲ. ಸ್ಟಿಯರಿಂಗ್ ಮುಂದೆ ಕೂತು ಎರಡು ಸಲ ಸೆಲ್ಫ್ ಹೊಡೆದು ಕರೆದ:

"ಮೇಷ್ಟ್ರೇ, ಈ ಚೋಕಿನ ಗುಂಡಿ ಹಿಂದೆ ವೈರ್ ಇದ್ಯಲ್ಲ, ಸ್ವಲ್ಪ ಮುಟ್ಟಿ ನೋಡಿ."

"ಅಯ್ಯೋ, ಕಾದಿದ್ಯಲ್ಲೋ ಇದು!"

"ಎಕ್ಸಲೇಟರ್ ಕೇಬಲ್ಲೂ ಕಾದಿರ್ತದೆ. ಎಂಜಿನ್ನಿಗೆ ಅರ್ಥಿಂಗ್ ಇಲ್ಲ ಸಾರ್. ಕರೆಂಟು ಪಾಪ ಚೋಕಿನ ತಂತಿ ಹಿಡ್ಕೊಂಡು ವಾಪಸ್ ಬರ್ತಾ ಉಂಟು."

ಹೌದು, ಗೇರ್‌ಬಾಕ್ಸ್ ಇಳಿಸುವಾಗ ಬಿಚ್ಚಿದ ಪಟ್ಟಿಯನ್ನು ಮತ್ತೆ ಹಾಕಿರಲೇ ಇಲ್ಲ. ಚೋಕ್ ಕೇಬಲ್ಲಿನ ಮೇಲ್ಪದರ ಸುಕ್ಕಾಗಿ, ಒಳಗಿನ ಉಕ್ಕಿನ ತಂತಿ ನೀಲಿ ತಿರುಗಿತ್ತು. ಇನ್ನು ಕೆಲವು ದಿನ ಹೋಗಿದ್ದರೆ ಡ್ಯಾಶ್‌ಬೋರ್ಡ್ ಹಿಂದೆ ಹೊಗೆಯಾಡುತ್ತಿತ್ತು. ಹಳೆಯ ಕಾರಿನಲ್ಲಿ ಚೋಕ್, ಎಕ್ಸಲೇಟರ್, ಸ್ಪೀಡೋಮೀಟರ್ ಕೇಬಲ್ಲುಗಳು ಪದೇ ಪದೇ ಬಿಗಿಯಾಗುತ್ತಿವೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಎಣ್ಣೆ ಬಿಡುವ ಮೊದಲು ಅರ್ಥಿಂಗ್ ಪಟ್ಟಿ ಹುಡುಕಿ.

ಈಚೆಗೆ ಹಳೆಯ ಕಾರುಗಳನ್ನು ಹೊಸದರಂತೆ ಮಾಡಿಸುವ ಹವ್ಯಾಸ ಬೆಳೆದಿದೆ. ಸಂತೋಷ. ಆದರೆ ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಫಳಫಳ ಹೊಳೆಯುತ್ತ ಬಂದ ಕಾರಿನಲ್ಲೇ ಕರೆಂಟಿನ ತೊಂದರೆ ಜಾಸ್ತಿ. ಬಣ್ಣ ಅರ್ಥಿಂಗಿನ ಶತ್ರು. ಮೊದಲು ಬರಿ ತಗಡಿಗೆ ಕಚ್ಚಿಕೊಂಡಿದ್ದ ಬೋಲ್ಟು ಈಗ ಎರಡು ಕೋಟ್ ಪ್ರೈಮರ್, ಮೂರು ಕೋಟ್ ಬಣ್ಣದ ಮೇಲೆ ಕೂತಿರುತ್ತದೆ. ಇದರ ಲಕ್ಷಣಗಳು ವಿಚಿತ್ರವಾಗಿರುತ್ತವೆ. ಬ್ರೇಕ್ ತುಳಿದರೆ ಒಂದು ಬದಿಯ ಇಂಡಿಕೇಟರ್ ಮಿಣುಕುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟು ಅದರ ತಾಳಕ್ಕೆ ಮಂಕಾಗುತ್ತದೆ. ಮಾಲೀಕರು ವೈರು ಅದಲುಬದಲಾಗಿದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಆ ಲೈಟಿನ ಹೋಲ್ಡರಿಗೆ ಅರ್ಥಿಂಗ್ ಸಿಗದೆ, ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಸುಳಿ ಆ ಕಡೆಯಿಂದ ಬಾಡಿಗೆ ಇಳಿಯುತ್ತಿರುತ್ತದೆ. ಬೋಲ್ಟಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದರೆ ಎಲ್ಲ ಸರಿ. ಚಂದದ ಬಣ್ಣ ಕೆರೆಯಲು ಮನಸ್ಸು ಬರುವುದಿಲ್ಲ, ಅದು ಬೇರೆ ಮಾತು.

ಅನುಮಾನ ಪರಿಹರಿಸಿಕೊಳ್ಳಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಆದರೆ ಅದನ್ನು ಬಳಸುವ ರೀತಿ ಬೇರೆ. ಬಿಡಿಸಿಟ್ಟ ವೈರಿನ ಓಮ್ ಅಳೆಯಬೇಡಿ, ಆಗಲೇ ಹೇಳಿದ ಲೆಕ್ಕದ ಪ್ರಕಾರ ಅದರಿಂದ ಏನೂ ತಿಳಿಯುವುದಿಲ್ಲ. ಕರೆಂಟು ಹರಿಯುತ್ತಿರುವಾಗ ಎಲ್ಲಿ ಎಷ್ಟು ವೋಲ್ಟ್ ಸೋರಿತು ಎಂದು ಅಳೆಯಬೇಕು. ಗೇರ್ ನ್ಯೂಟ್ರಲಿನಲ್ಲಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರನ್ನು ಕಿತ್ತು ಅದರ ತುದಿಯನ್ನು ಎಂಜಿನ್ನಿಗೆ ತಾಗಿಸಿಡಿ, ಎಂಜಿನ್ ಹತ್ತಬಾರದು. ಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥಿಂಗ್ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದು ತುದಿ ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಕಾಲು ವೋಲ್ಟಿನ ಒಳಗೆ ತೋರಿಸಿದರೆ ವಾಪಸ್ ದಾರಿ ಚೆನ್ನಾಗಿದೆ. ಒಂದು ವೋಲ್ಟ್ ತೋರಿಸಿದರೆ ರೋಗ ಸಿಕ್ಕಿತು. ಒಂದು ತುದಿಯನ್ನು ಕಂಬದಲ್ಲೇ ಇಟ್ಟು ಇನ್ನೊಂದನ್ನು ಕ್ಲಾಂಪಿಗೆ, ಕೇಬಲ್ಲಿನ ತುದಿಗೆ, ಬಾಡಿಗೆ, ಪಟ್ಟಿಗೆ ಒಂದೊಂದಾಗಿ ಹಿಡಿಯುತ್ತ ಹೋಗಿ. ಯಾವ ಜಾಗ ದಾಟಿದಾಗ ಮುಳ್ಳು ಹಾರುತ್ತದೋ ಅಲ್ಲಿದೆ ಕಿಲುಬು. ಇದೇ ರೀತಿ ಬ್ಯಾಟರಿಯ ಇನ್ನೊಂದು ಕಂಬದಿಂದ ಸೆಲ್ಫಿನ ಬೋಲ್ಟಿನವರೆಗೆ ಅಳೆದರೆ ಅರ್ಧ ವೋಲ್ಟ್ ಮೀರಬಾರದು. ಸೊಲೆನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಗುಳಿ ಬಿದ್ದಿದ್ದರೆ ಇಲ್ಲೇ ಬಯಲಾಗುತ್ತದೆ.

ಕೇಬಲ್ ಕೊಳ್ಳುವಾಗಲೂ ಹುಷಾರು. ಹೊರಗೆ ಹೆಬ್ಬೆರಳಿನಷ್ಟು ದಪ್ಪ, ಒಳಗೆ ನಾಲ್ಕು ಎಳೆ ತಾಮ್ರ, ಉಳಿದದ್ದೆಲ್ಲ ಪ್ಲಾಸ್ಟಿಕ್ಕು, ಇಂಥವು ಬೇಕಾದಷ್ಟು ಸಿಗುತ್ತವೆ. ತುದಿಯನ್ನು ಕತ್ತರಿಸಿ ತೋರಿಸಲು ಹೇಳಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ದಾರಿಯೆಲ್ಲ ಸರಿಯಿದ್ದೂ ಸೆಲ್ಫ್ ನರಳಿದರೆ ಆಗ ಮೋಟಾರ್ ಬಿಚ್ಚಬಹುದು. ಆರ್ಮೇಚರಿನ ಮೈಮೇಲೆ ಉಜ್ಜಿದಂತೆ ಹೊಳೆಯುವ ಗೆರೆಗಳಿವೆಯೇ ನೋಡಿ. ಇದ್ದರೆ ತುದಿಯ ಬುಷ್ ಸವೆದಿದೆ, ಆರ್ಮೇಚರ್ ವಾಲಿ ಸುತ್ತಲಿನ ಕಬ್ಬಿಣಕ್ಕೆ ತಾಗುತ್ತಿದೆ. ಬುಷ್ ಬದಲಾಯಿಸುವುದು ಸಣ್ಣ ಕೆಲಸ. ಅದನ್ನು ನೋಡದೆ ರಿವೈಂಡಿಂಗ್ ಮಾಡಿಸಿದರೆ ಹೊಸ ವೈಂಡಿಂಗೂ ಸುಡುತ್ತದೆ.

ತಣ್ಣಗಿದ್ದಾಗ ಸಲೀಸಾಗಿ ಹತ್ತಿ, ಬಿಸಿಯಾದ ಮೇಲೆ ಮಾತ್ರ "ಗೊಕ್" ಎಂದು ತಡೆದು ತಡೆದು ತಿರುಗುವ ಕಾರಿನ ಕಥೆ ಬೇರೆ. ಡಿಸ್ಟ್ರಿಬ್ಯೂಟರಿನ ಆ ನಡುವಿನ ವೈರು ಕಿತ್ತು ಎಂಜಿನ್ನಿಗೆ ತಾಗಿಸಿಟ್ಟು ಸೆಲ್ಫ್ ಹೊಡೆದು ನೋಡಿ. ಆಗ ಸರಾಗವಾಗಿ ತಿರುಗಿದರೆ ಸೆಲ್ಫಿನಲ್ಲಿ ದೋಷವಿಲ್ಲ, ಟೈಮಿಂಗ್ ಮುಂದಾಗಿದೆ. ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಬಿದ್ದು ಎಂಜಿನ್ ಸೆಲ್ಫಿಗೆ ಎದುರು ಒದೆಯುತ್ತಿದೆ. ಪಿಕಪ್ ಬರಲಿ ಎಂದು ಡಿಸ್ಟ್ರಿಬ್ಯೂಟರನ್ನು ಕಿವಿಯ ಅಂದಾಜಿಗೆ ತಿರುಗಿಸಿ ಬಿಟ್ಟ ಗಾಡಿಗಳಲ್ಲಿ ಇದು ಸಾಮಾನ್ಯ. ಇಂಥ ಗಾಡಿಗೆ ಹ್ಯಾಂಡಲ್ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ.

ಮಲೆನಾಡಿನ ಕೇಳುಗರಿಗೆ ಒಂದು ಮಾತು. ಆಷಾಢದ ಮಳೆಯಲ್ಲಿ ಸೆಲ್ಫ್ ಚೆನ್ನಾಗಿ ತಿರುಗಿಯೂ ಗಾಡಿ ಹತ್ತದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಒಳಗಿನ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ ಸುಮಾರು 0.38 ಮಿಲಿಮೀಟರ್ ಇರಬೇಕು. ಅದರ ತುದಿ ಸುಟ್ಟು ನೀಲಿಯಾಗಿದ್ದರೆ ಕಂಡೆನ್ಸರ್ ಹೋಗಿದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುವಾಗ ನೋಡಿದರೆ ಬಿರುಕು ಬಿಟ್ಟ ಪ್ಲಗ್ ವೈರುಗಳ ಮೇಲೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಬೇಸಿಗೆಯಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿ ನಿಂತರೆ ಅದು ಕರೆಂಟಿನ ಲೆಕ್ಕಕ್ಕೆ ಬಾರದು. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಸರಿ.

ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಬೆಳಿಗ್ಗೆ ಸೆಲ್ಫ್ ನರಳುವುದಕ್ಕೆ ಕಾರಣ ಹಿಂದಿನ ರಾತ್ರಿ ನಡೆದಿರಬಹುದು. ಲ್ಯೂಕಾಸಿನ ಸಿ-40 ಡೈನಮೋ ಜೋರಾಗಿ ತಿರುಗಿದಾಗ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಐಡ್ಲಿಂಗಿನಲ್ಲಿ ಹೆಚ್ಚುಕಡಿಮೆ ಸೊನ್ನೆ, ಕೆಂಪು ದೀಪ ಮಿಣುಕುವುದು ಅದಕ್ಕೇ. ಈಗ ಮಳೆಗಾಲದ ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದೀರಿ ಎನ್ನಿ. ಹೆಡ್‌ಲೈಟಿಗೆ ಹ್ಯಾಲೊಜನ್ ಬಲ್ಬ್ ಹಾಕಿಸಿದ್ದರೆ ಅದಕ್ಕೇ ಒಂಬತ್ತು ಹತ್ತು ಆಂಪಿಯರ್, ಕಾಯಿಲ್‌ಗೆ ಮೂರೋ ನಾಲ್ಕೋ, ವೈಪರಿಗೆ ಎರಡು ಮೂರು, ಬ್ರೇಕ್ ಲೈಟು ಬೇರೆ. ಒಂದು ಗಂಟೆ ನಿಂತರೆ ಹದಿನೈದು ಆಂಪಿಯರ್-ಗಂಟೆ ಬ್ಯಾಟರಿಯಿಂದಲೇ ಹೋಯಿತು. ಈ ಕಾರು ತಯಾರಾದಾಗ ಇಂಥ ಟ್ರಾಫಿಕ್ ಇರಲಿಲ್ಲ. ಹಳೆಯದನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕೆನ್ನುವವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ: ದಿನಾ ಊರೊಳಗೆ ಓಡಿಸುವ ಕಾರಿಗೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸುವುದು ತಪ್ಪಲ್ಲ. ಡೈನಮೋವನ್ನು ಜೋಪಾನವಾಗಿ ಕಟ್ಟಿಡಿ. ಪ್ರದರ್ಶನಕ್ಕೆ ಮಾತ್ರ ಹೊರಗೆ ಬರುವ ಕಾರಾದರೆ ಡೈನಮೋ ಇರಲಿ.

ಡೈನಮೋ ಕೆಟ್ಟಿದೆಯೋ, ಅದರ ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಕೆಟ್ಟಿದೆಯೋ ಎಂದು ಜಗಳವಿದ್ದರೆ ಡೈನಮೋದ ಎರಡೂ ವೈರು ಕಳಚಿ, ಅದರ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು ಎಂಜಿನ್ ನಿಧಾನ ಓಡಿಸಿ. ವೋಲ್ಟೇಜ್ ಸರಸರನೆ ಏರಿದರೆ ಡೈನಮೋ ಗಟ್ಟಿ, ಕಟೌಟ್ ನೋಡಿಸಿ. ಇಪ್ಪತ್ತು ದಾಟುವ ಮೊದಲೇ ಎಕ್ಸಲೇಟರ್ ಬಿಡಿ, ಇಲ್ಲದಿದ್ದರೆ ಗಟ್ಟಿ ಇದ್ದದ್ದೂ ಸುಡುತ್ತದೆ.

ವೈರಿಂಗಿನ ಬಣ್ಣ ನೆನಪಿರಲಿ. ಲ್ಯೂಕಾಸ್ ಪದ್ಧತಿಯಲ್ಲಿ ಕಂದು ವೈರಿನಲ್ಲಿ ಯಾವಾಗಲೂ ಕರೆಂಟಿರುತ್ತದೆ, ಬಿಳಿಯದರಲ್ಲಿ ಕೀ ತಿರುಗಿಸಿದ ಮೇಲೆ, ಹಸಿರು ಅದರ ಫ್ಯೂಸಿನ ಆಚೆ ಕಡೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಂಗ್. ಇವುಗಳ ನಡುವೆ ಎಲ್ಲಿಂದಲೋ ಬಂದು ಟೇಪು ಸುತ್ತಿಕೊಂಡ ವೈರೊಂದು ಕಂಡರೆ ಅದು ಹಿಂದಿನ ಮಾಲೀಕರ ಹಾರನ್ನೋ ಕ್ಯಾಸೆಟ್ ಪ್ಲೇಯರೋ ಬಿಟ್ಟುಹೋದ ಉಯಿಲು. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸಿಕ್ಕಿದರೂ ಆಶ್ಚರ್ಯಪಡಬೇಡಿ, ಆದರೆ ಆ ಕ್ಷಣವೇ ತೆಗೆಯಿರಿ. ಆ ಕಾಲದ ಲ್ಯೂಕಾಸ್ ವೈರಿಂಗಿನಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರುತ್ತಿರಲಿಲ್ಲ. ಅಲ್ಲಿಗೊಂದು ಸೇರಿಸುವುದು ಜಾಣತನ.

ನಿಂತೇ ಇರುವ ಕಾರಿನ ಬ್ಯಾಟರಿ ತಾನಾಗಿ ಇಳಿಯುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ತಂದಿತು. ಆ ನೋಂದಣಿ ಪಡೆದ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಅಂದರೆ ಅದು ವಾರಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ. ಕರೆಂಟು ಸೋರುತ್ತಿದೆಯೇ ಎಂದು ತಿಳಿಯಲು ಎಲ್ಲ ಆಫ್ ಮಾಡಿ, ಬ್ಯಾಟರಿಯ ಅರ್ಥಿಂಗ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ನೋಡಿ. 50 ಮಿಲಿ ಆಂಪಿಯರ್ ಸೋರುತ್ತಿದ್ದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಗುತ್ತದೆ, 60ರ ಬ್ಯಾಟರಿ ಇಪ್ಪತ್ತೈದು ದಿನಕ್ಕೆ ಅರ್ಧ ಖಾಲಿ. ಸೋರಿಕೆ ಹುಡುಕಲು ಪುರುಸೊತ್ತಿಲ್ಲದವರು ಬ್ಯಾಟರಿಯ ಹತ್ತಿರ ಒಂದು ಕಟಾಫ್ ಸ್ವಿಚ್ ಹಾಕಿಸಿ.

ಕೊನೆಗೆ ರೇಡಿಯೋ ಮಾತು. ನಿಮ್ಮ ಹಳೆಯ ಕಾರಿನಲ್ಲಿ ಮೀಡಿಯಂ ವೇವ್ ಸೆಟ್ಟಿದ್ದು ಈ ಭಾಷಣವನ್ನು ಓಡುತ್ತಿರುವ ಕಾರಿನಲ್ಲೇ ಕೇಳುತ್ತಿದ್ದರೆ ನನ್ನ ದನಿಯ ಹಿಂದೆ ಇನ್ನೇನು ಕೇಳಿಸುತ್ತಿದೆ ಎಂದು ಗಮನಿಸಿ. ಎಕ್ಸಲೇಟರ್ ಒತ್ತಿದಂತೆ "ಟಪಟಪ" ಬಡಿತ ವೇಗವಾದರೆ ಪ್ಲಗ್ ವೈರುಗಳಲ್ಲಿ ಕಿಡಿ ಸೋರುತ್ತಿದೆ. ಸೊಳ್ಳೆಯ ಗುಂಯ್‌ಗುಡುವಿಕೆ ಏರುತ್ತ ಹೋದರೆ ಡೈನಮೋದ ಕಾರ್ಬನ್ ಸವೆದು ಕಮ್ಯುಟೇಟರಿನ ಮೇಲೆ ಕಿಡಿ ಹಾರಿಸುತ್ತಿದೆ. ಕಾರ್ಬನ್ ನೋಡಿಸಿ, ಕಮ್ಯುಟೇಟರ್ ಒರೆಸಿ. ಆಮೇಲೂ ಸದ್ದು ಉಳಿದರೆ ಒಂದು ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಡೈನಮೋದ ದೊಡ್ಡ ಟರ್ಮಿನಲ್ಲಿಗೆ ಹಾಕಿಸಿ. ಚಿಕ್ಕ ಟರ್ಮಿನಲ್ ಫೀಲ್ಡಿನದು, ಅದಕ್ಕೆ ಹಾಕಿದರೆ ಕಟೌಟಿನ ಪಾಯಿಂಟು ಸುಡುತ್ತದೆ. ಕಂಡೆನ್ಸರಿನ ಇನ್ನೊಂದು ತುದಿ ಡೈನಮೋದ ಮೈಗೆ, ಬಣ್ಣ ಕೆರೆದು.